ಲ್ಯಾಪ್‌ಟಾಪಿನ ತವರು

ನಮ್ಮ ಊರಿನಲ್ಲಿ ಹಳೆಯ ವಸ್ತು ಕೊಳ್ಳುವವರು ಮೊದಲು ಮನೆ ನೋಡುತ್ತಾರೆ, ಆಮೇಲೆ ವಸ್ತು ನೋಡುತ್ತಾರೆ. ಬೇರೆ ಊರುಗಳಲ್ಲಿ ಹೇಗೋ ನನಗೆ ಗೊತ್ತಿಲ್ಲ. ಇಲ್ಲಿ ಒಬ್ಬರು ಬಳಸಿದ್ದು ಇನ್ನೊಬ್ಬರ ಮನೆಗೆ ಬಂದರೆ ಅದಕ್ಕೆ ಆಗಾಗ ತವರಿನ ನೆನಪು ಬರುತ್ತದೆ. ಹೊಲಿಗೆ ಯಂತ್ರವಾದರೆ ದಾರ ಕಡಿಯುತ್ತದೆ, ಗಡಿಯಾರವಾದರೆ ಹಿಂದೆ ಬೀಳುತ್ತದೆ, ಸೈಕಲ್ಲಾದರೆ ಹ್ಯಾಂಡಲ್ ತಾನಾಗಿ ಒಂದೇ ಕಡೆಗೆ ಎಳೆಯುತ್ತದೆ. ಆಗ ಅದನ್ನು ಕೊಟ್ಟವರ ಮನೆಗೆ ಕರೆದುಕೊಂಡು ಹೋಗಿ, ಅದು ಮೊದಲಿದ್ದ ಜಾಗದಲ್ಲಿ ಒಂದು ಸಾಯಂಕಾಲ ಇಟ್ಟು, ಆ ಮನೆಯವರು ಮಡಿಲು ತುಂಬಿದ ಮೇಲೆ ವಾಪಸು ತರಬೇಕು. ಮಡಿಲೆಂದರೆ ದೊಡ್ಡದೇನಲ್ಲ. ಸೈಕಲ್ಲಿಗೆ ನಾಲ್ಕು ತೊಟ್ಟು ಎಣ್ಣೆ, ಗಡಿಯಾರಕ್ಕೆ ಹೊಸ ಸೆಲ್ಲು, ಹೊಲಿಗೆ ಯಂತ್ರಕ್ಕೆ ಒಂದು ಉಂಡೆ ದಾರ. ಕರೆದುಕೊಂಡು ಬಂದವರಿಗೆ ಕಾಫಿ. ಮನೆಯವರು ಒಳ್ಳೆಯವರಾದರೆ ಉಪ್ಪಿಟ್ಟು. ಮಾರಿದ ಮೇಲೆ ಬಾಗಿಲು ತೆರೆಯುವುದಿಲ್ಲ ಎನ್ನುವ ಹಾಗಿಲ್ಲ. ಹಾಗೆ ಅಂದವರ ಮನೆಯ ಚೊಂಬನ್ನೂ ಆಮೇಲೆ ಯಾರೂ ಕೊಳ್ಳುವುದಿಲ್ಲ.

ನಮ್ಮದು ಹಳೆಯ ವಸ್ತುಗಳಿಂದಲೇ ಕಟ್ಟಿಕೊಂಡ ಸಂಸಾರ. ಮಿಕ್ಸಿಯ ತವರು ಎದುರು ಸಾಲಿನಲ್ಲಿದೆ, ಮಂಚದ್ದು ಮೇಲ್ಪೇಟೆಯಲ್ಲಿ, ಸ್ಕೂಟರಿನದು ಕೆರೆಯಾಚೆ. ಈ ಮನೆಗೆ ಹೊಚ್ಚಹೊಸದಾಗಿ ಬಂದದ್ದು ಮೇದಿನಿ ಒಬ್ಬಳೇ ಎಂದು ನನ್ನ ಗಂಡ ರುದ್ರೇಶ್ ತಮಾಷೆ ಮಾಡುತ್ತಾರೆ. ಮೇದಿನಿ ನಮ್ಮ ಮಗಳು. ಆ ವರ್ಷ ಅವಳಿಗೆ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಂಪ್ಯೂಟರ್ ವಿಭಾಗ ಸಿಕ್ಕಿತು. ಲ್ಯಾಬಿನ ಪ್ರಾಜೆಕ್ಟನ್ನು ತಂತಮ್ಮ ಲ್ಯಾಪ್‌ಟಾಪಿನಲ್ಲೇ ಮಾಡಿ ತೋರಿಸಬೇಕು ಎಂದು ಕಾಲೇಜಿನವರು ಹೇಳಿದರು. ಹೊಸದರ ಬೆಲೆಯನ್ನು ರುದ್ರೇಶ್ ಅಂಗಡಿಯಲ್ಲಿ ವಿಚಾರಿಸಿಕೊಂಡು ಬಂದು, ನೇರವಾಗಿ ಕೈಕಾಲು ತೊಳೆಯಲು ಹೋದರು. ನನಗೆ ಅರ್ಥವಾಯಿತು.

ನನಗೆ ಹೆದರಿಕೆ ಜಾಸ್ತಿ. ನೀರು ಸರಬರಾಜು ಕಚೇರಿಯಲ್ಲಿ ಫೋನಿನ ಮುಂದೆ ಕೂತು ದೂರು ಕೇಳಿಸಿಕೊಳ್ಳುವುದು ನನ್ನ ಕೆಲಸ. ಊರಿನಲ್ಲಿ ಯಾವ ಬೀದಿಗೆ ಯಾವಾಗ ನೀರು ಬರುತ್ತದೆಂದು ವಾಲ್ವ್ ತಿರುಗಿಸುವ ಕರಿಬಸಣ್ಣನಿಗೂ ಸರಿಯಾಗಿ ತಿಳಿಯದು, ಬೈಸಿಕೊಳ್ಳುವವಳು ನಾನು. ಇಷ್ಟು ವರ್ಷ ಅದೇ ಮಾಡಿದ್ದರಿಂದ ಯಾರು ಏನಂದರೂ ಅದರ ಹಿಂದೆ ಇನ್ನೇನಿದೆ ಎಂದು ಹುಡುಕುವುದು, ಬಾಯಿಗೆ ಬಂದ ಮಾತನ್ನು ಒಮ್ಮೆ ತಿರುಗಿಸಿ ನೋಡಿ ಆಮೇಲೆ ಆಡುವುದು ಅಭ್ಯಾಸವಾಗಿಹೋಗಿದೆ. ಹಾಗಾಗಿ ಲ್ಯಾಪ್‌ಟಾಪ್ ಹುಡುಕುವ ಕೆಲಸವನ್ನು ನಾನೇ ವಹಿಸಿಕೊಂಡೆ. ದಲ್ಲಾಳಿ ಚೆನ್ನಿಗಪ್ಪನಿಗೆ ಹೇಳಿ ಕಳಿಸಿದೆ.

ಚೆನ್ನಿಗಪ್ಪ ಬಂದು ಬಾಗಿಲಲ್ಲೇ ಕೂತ. "ಹುಡುಗಿಗೆ ಏನೇನ್ ಬೇಕು ಹೇಳವ್ವ," ಎಂದ.

ಮೇದಿನಿ ಸೀನಿಯರುಗಳ ಹತ್ತಿರ ಕೇಳಿಕೊಂಡು ಬಂದದ್ದನ್ನು ಪಟಪಟನೆ ಹೇಳಿದಳು. ರ‍್ಯಾಮ್ ಎಂಟು ಜಿಬಿ ಇರಲೇಬೇಕು, ಮುಂದೆ ಹೆಚ್ಚಿಸಿಕೊಳ್ಳಲು ಬರುವ ಹಾಗಿರಬೇಕು. ಹಳೇ ಹಾರ್ಡ್ ಡಿಸ್ಕ್ ಬೇಡ, ಎಸ್‌ಎಸ್‌ಡಿ ಬೇಕು. ಪ್ರೊಸೆಸರ್ ತೀರಾ ಹಳೆಯದಾಗಿರಬಾರದು. ಕೀಬೋರ್ಡ್ ಗಟ್ಟಿಯಾಗಿರಬೇಕು, ಕೋಡ್ ಬರೆಯೋರಿಗೆ ಅದೇ ಮುಖ್ಯ. ಮುಚ್ಚಿ ತೆರೆಯುವ ಕೀಲು ಸಡಿಲವಾಗಿರಬಾರದು.

"ಮತ್ತೆ ನಿಮಗೆ ಅಕ್ಕೋರೇ?" ಎಂದು ಅವನು ನನ್ನ ಕಡೆ ತಿರುಗಿದ.

"ಒಳ್ಳೆ ಮನೆ ಬೇಕಪ್ಪ," ಎಂದೆ. "ನಾಲ್ಕು ವರ್ಷ ಹೋಗಿ ಬಂದು ಮಾಡ್ಬೇಕು."

"ಅಮ್ಮ, ನಾವು ಲ್ಯಾಪ್‌ಟಾಪ್ ತರ್ತಿದೀವಾ, ಸೊಸೆ ತರ್ತಿದೀವಾ?" ಎಂದಳು ಮೇದಿನಿ.

"ಸೊಸೆ ಆದ್ರೆ ಸಿಟ್ಟು ಬಂದಾಗ ಬಾಯ್ಬಿಟ್ಟು ಹೇಳ್ತಾಳೆ ಕಣವ್ವ," ಎಂದ ಚೆನ್ನಿಗಪ್ಪ. "ಇದು ಬರೀ ಮುಖ ಕಪ್ಪು ಮಾಡ್ಕೊಂಡು ಕೂರುತ್ತೆ."

ಮೊದಲು ಕರೆದುಕೊಂಡು ಹೋದದ್ದು ನಿವೃತ್ತ ಪೋಸ್ಟ್‌ಮಾಸ್ಟರ್ ಒಬ್ಬರ ಮನೆಗೆ. ಗಂಡ ಹೆಂಡತಿ ಇಬ್ಬರೂ ಸಕ್ಕರೆಯಂಥ ಜನ. ಮೇದಿನಿ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ನಾವು ಕೇಸರಿಬಾತ್ ತಿಂದೆವು, ಕಾಫಿ ಕುಡಿದೆವು, ಅವರ ಮೊಮ್ಮಕ್ಕಳ ಫೋಟೋ ನೋಡಿದೆವು. ಆಗ ಪರದೆಯಲ್ಲಿ ಒಂದು ಸಣ್ಣ ಚಕ್ರ ತಿರುಗಲು ಶುರುವಾಯಿತು. "ಇದು ಎದ್ದೇಳೋದ್ರೊಳಗೆ ನನ್ನ ಡಿಗ್ರಿ ಮುಗಿಯುತ್ತೆ," ಎಂದು ಮೇದಿನಿ ನನ್ನ ಕಿವಿಯಲ್ಲಿ ಹೇಳಿದಳು. ರ‍್ಯಾಮ್ ನಾಲ್ಕೇ ಜಿಬಿ, ಅದೂ ಬೆಸುಗೆ ಹಾಕಿದ್ದು, ಬದಲಿಸಲು ಬರುವುದಿಲ್ಲವಂತೆ. ಆ ಮನೆ ಬಿಟ್ಟು ಬರಲು ನನಗೆ ಸಂಕಟವಾಯಿತು.

ಎರಡನೆಯದು ಆಟ ಆಡುವವರಿಗೆಂದು ಮಾಡಿದ ದಪ್ಪನೆಯ ಲ್ಯಾಪ್‌ಟಾಪ್. ಹದಿನಾರು ಜಿಬಿ ರ‍್ಯಾಮ್, ಬೇರೆ ಗ್ರಾಫಿಕ್ಸ್ ಕಾರ್ಡ್, ಕೀಲಿಗಳ ಅಡಿಯಲ್ಲಿ ಕೆಂಪು ದೀಪ. ಮೇದಿನಿಯ ಕಣ್ಣು ಅರಳಿತು. ಆದರೆ ಅದನ್ನು ಇಟ್ಟುಕೊಂಡಿದ್ದ ಎಳೆ ಗಂಡಹೆಂಡಿರು ನಾವು ಕೂತಿರುವಾಗಲೇ ಜಗಳ ಶುರು ಮಾಡಿದರು. ಅದು ಯಾರ ದುಡ್ಡಿನಲ್ಲಿ ಬಂತು ಎಂಬುದರಿಂದ ಹಿಡಿದು ಅವಳ ಅಣ್ಣನ ಮದುವೆಯಲ್ಲಿ ಇವನು ಊಟಕ್ಕೆ ಏಳದಿದ್ದುದರವರೆಗೆ. ಅವರ ದನಿಯನ್ನು ಮೀರಿಸುವಂತೆ ಲ್ಯಾಪ್‌ಟಾಪಿನ ಫ್ಯಾನು ಕೂಗುತ್ತಿತ್ತು. ಅಡಿಯಲ್ಲಿ ಕೈಯಿಟ್ಟೆ, ದೋಸೆ ಹೆಂಚಿನ ಹಾಗಿತ್ತು.

"ಬೇಡ," ಎಂದೆ, ಬೀದಿಗೆ ಬಂದ ಕೂಡಲೇ.

"ಅಮ್ಮ, ಆ ಬೆಲೆಗೆ ಅಂಥದ್ದು ಎಲ್ಲೂ ಸಿಗಲ್ಲ!"

"ಆ ಮನೆಗೆ ನೀನು ಒಬ್ಬಳೇ ಹೋಗಿ ಸಾಯಂಕಾಲವೆಲ್ಲ ಕೂತು ಬರ್ತೀಯಾ?"

"ಕೂತ್ಕೋತೀನಿ. ಕಿವಿಗೆ ಹತ್ತಿ ಇಟ್ಕೋತೀನಿ."

"ಅದರ ಕಿವಿಗೆ ಏನು ಇಡ್ತೀಯಾ?" ಎಂದು ನಾನು ಲ್ಯಾಪ್‌ಟಾಪಿನ ಮನೆಯ ಕಡೆ ಕೈ ತೋರಿಸಿದೆ.

ಮೂರನೆಯದು ಸುಣ್ಣದ ಗೂಡಿನ ಬೀದಿಯಲ್ಲಿದೆ ಎಂದು ಚೆನ್ನಿಗಪ್ಪ ಹೇಳಿದಾಗ ನನ್ನ ಮನಸ್ಸು ಅರ್ಧ ಒಪ್ಪಿಯಾಗಿತ್ತು. ಅದಕ್ಕೆ ನನ್ನದೇ ಕಾರಣವಿತ್ತು. ಊರಿನ ಎಲ್ಲ ಬೀದಿಗಳಿಂದಲೂ ನನಗೆ ಬೈಗುಳ ಬರುತ್ತಿತ್ತು, ಆ ಬೀದಿಯಿಂದ ಮಾತ್ರ ಬಹಳ ದಿನಗಳಿಂದ ಒಂದು ದೂರೂ ಬಂದಿರಲಿಲ್ಲ. ಎಷ್ಟು ತಾಳ್ಮೆಯ ಜನವೋ ಎಂದು ನಾನು ಮನಸ್ಸಿನಲ್ಲೇ ಆ ಬೀದಿಗೆ ಕೈ ಮುಗಿದಿದ್ದೆ.

ಮನೆ ಗಂಗಾಂಬಿಕಮ್ಮನವರದು. ಹಣೆ ತುಂಬ ವಿಭೂತಿ, ಗಟ್ಟಿ ದನಿ, ಎತ್ತಿ ಕಟ್ಟಿದ ಸೆರಗು. ಮಗ ಬಸವಪ್ರಭು ಮಂಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಅದಕ್ಕೆಂದು ಕೊಂಡ ಲ್ಯಾಪ್‌ಟಾಪು, ಮಂಡಿಯವರೇ ಕಂಪ್ಯೂಟರ್ ಇಟ್ಟ ಮೇಲೆ ಮನೆಯಲ್ಲಿ ಉಳಿದುಹೋಗಿತ್ತು. "ಮೂಲೇಲಿ ಬಿದ್ದಿತ್ತು ಕಣಮ್ಮ, ಯಾರೂ ಮುಟ್ಟಲ್ಲ. ನಾನಂತೂ ಅದರ ಮೇಲೆ ಹಪ್ಪಳದ ತಟ್ಟೆ ಇಡ್ತಿದ್ದೆ," ಎಂದರು. ಸೊಸೆ ಶಿವಲೀಲಾ ಕಾಫಿ ತಂದಿಟ್ಟು ಒಳಗೆ ಹೋದಳು. ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳಿರಬೇಕು. ಅತ್ತೆ ಅವಳಿಗೆ ದನಿ ಏರಿಸಲಿಲ್ಲ, ಅವಳು ಲೋಟ ಕುಕ್ಕಲಿಲ್ಲ. ನಾನು ಅದನ್ನೆಲ್ಲ ನೋಡುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಹೆಂಗಸು ಕಿಟಕಿಯಿಂದ ಇಣುಕಿದಳು. "ಗಂಗಕ್ಕ, ನೀರು?"

ಗಂಗಾಂಬಿಕಮ್ಮ ಅಡುಗೆಮನೆಯ ಕಡೆ ಒಮ್ಮೆ ಕಣ್ಣು ಹಾಯಿಸಿ, "ನಾಳೆ ಮಧ್ಯಾಹ್ನ. ಹಂಡೆ ಖಾಲಿ ಮಾಡ್ಕೊಂಡಿರು," ಎಂದರು. ಆಮೇಲೆ ನನ್ನ ಕಡೆ ತಿರುಗಿ ನಕ್ಕರು. "ನನಗದು ಹೇಗೋ ಹೊಳೆದುಬಿಡುತ್ತೆ. ಬೀದಿಯೆಲ್ಲ ನನ್ನನ್ನೇ ಕೇಳ್ತಾರೆ." ನಾನು ಎಲ್ಲಿ ಕೆಲಸ ಮಾಡುತ್ತೇನೆಂದು ಆಗ ಹೇಳಲಿಲ್ಲ. ನಮ್ಮ ಕಚೇರಿಗೇ ಹೊಳೆಯದ ಸಂಗತಿ ಅದು.

ಈ ನಡುವೆ ಮೇದಿನಿ ಲ್ಯಾಪ್‌ಟಾಪನ್ನು ಪರೀಕ್ಷೆ ಮಾಡುತ್ತಿದ್ದಳು. ಕಪ್ಪು ಬಣ್ಣದ, ಅಲಂಕಾರವಿಲ್ಲದ, ಗಟ್ಟಿಮುಟ್ಟಾದ ಯಂತ್ರ. ಪರದೆಯನ್ನು ಬರೀ ಬಿಳಿ ಮಾಡಿ ಕಲೆ ಇದೆಯೇ ನೋಡಿದಳು, ಒಂದೊಂದು ಕೀಲಿಯನ್ನೂ ಒತ್ತಿ ನೋಡಿದಳು, ಅಡಿಯಲ್ಲಿ ಬಿಸಿಯಾಗುತ್ತದೆಯೇ ನೋಡಿದಳು. ಎಂಟು ಜಿಬಿ, ಇನ್ನೊಂದು ಸ್ಲಾಟ್ ಖಾಲಿ. ಒಳಗೆ ಒಂದು ಕಡತವೂ ಇರಲಿಲ್ಲ, ಯಾರೋ ಚೊಕ್ಕವಾಗಿ ಗುಡಿಸಿ ಸಾರಿಸಿದ ಹಾಗೆ.

"ಪ್ರೊಸೆಸರ್ ಸ್ವಲ್ಪ ಹಳೇದು," ಎಂದಳು, ಹೊರಗೆ ಬಂದ ಮೇಲೆ. "ಬ್ಯಾಟರಿ ತುಂಬಾ ಸವೆದಿದೆ. ಯಾರೂ ಮುಟ್ಟದೇ ಇದ್ರೆ ಹೇಗೆ ಸವೆಯುತ್ತೆ? ಮತ್ತೆ ಸೆಮಿಕೋಲನ್ ಕೀ ನುಣ್ಣಗಾಗಿದೆ ಅಮ್ಮ. ಲೆಕ್ಕ ಬರೆಯೋರು ಸೆಮಿಕೋಲನ್ ಒತ್ತಲ್ಲ. ಕೋಡ್ ಬರೆಯೋರು ಒತ್ತೋದು."

"ಹಪ್ಪಳದ ತಟ್ಟೆ ತಾಗಿರಬೇಕು," ಎಂದೆ. "ಮನೆ ಎಷ್ಟು ಚೆನ್ನಾಗಿದೆ ನೋಡು."

"ನನಗೆ ಇನ್ನೂ ಆ ಕೆಂಪು ದೀಪದ್ದೇ ಇಷ್ಟ."

"ನನ್ನ ಮಾತು ಕೇಳು. ನಾಲ್ಕು ವರ್ಷ ನಿನಗೆ ತೊಂದರೆ ಆಗಲ್ಲ. ಅದಕ್ಕೆ ನಾನು ಹೊಣೆ."

ಅಷ್ಟು ಖಂಡಿತವಾಗಿ ನಾನು ಎಂದೂ ಮಾತಾಡುವವಳಲ್ಲ. ಅವಳು ನನ್ನ ಮುಖ ನೋಡಿ ಒಪ್ಪಿಕೊಂಡಳು.

ಕೆಲವು ವಾರ ಎಲ್ಲ ಚೆನ್ನಾಗಿತ್ತು. ರುದ್ರೇಶ್ ಖಾಲಿ ಸ್ಲಾಟಿಗೆ ಹೊಸ ರ‍್ಯಾಮ್ ಹಾಕಿಸಿದರು. ಮೇದಿನಿ ಅದಕ್ಕೆ ಲಿನಕ್ಸ್ ಹಾಕಿಕೊಂಡಳು. ಅವಳ ಬೆರಳುಗಳ ಟಕಟಕ ಸದ್ದು ಕೇಳುತ್ತ ನಾನು ಅನ್ನಕ್ಕೆ ಇಡುತ್ತಿದ್ದೆ. ಗ್ರಂಥಾಲಯದ ಪುಸ್ತಕಗಳನ್ನು ಹುಡುಕಿಕೊಡುವ ಒಂದು ಪ್ರೋಗ್ರಾಂ ಅವಳ ಲ್ಯಾಬಿನ ಪ್ರಾಜೆಕ್ಟು. ಅದನ್ನು ತೋರಿಸುವ ದಿನ ಹತ್ತಿರ ಬಂದಾಗ ಲ್ಯಾಪ್‌ಟಾಪಿಗೆ ತವರಿನ ನೆನಪು ಶುರುವಾಯಿತು. ಮೊದಲು ಪರದೆ ಮಂಕಾಯಿತು. ಆಮೇಲೆ ಬಾಣದ ಗುರುತು ಒಂದು ಮೂಲೆಗೆ ಹೋಗಿ, ಮುನಿಸಿಕೊಂಡ ಮಗು ಗೋಡೆಗೆ ಮುಖ ಮಾಡಿ ನಿಂತ ಹಾಗೆ ನಿಂತುಬಿಟ್ಟಿತು. ಕೊನೆಗೆ ಎಷ್ಟು ಒತ್ತಿದರೂ ಏಳದೆ, ಅಂಚಿನ ಸಣ್ಣ ದೀಪ ಮಾತ್ರ ನಿಧಾನವಾಗಿ ಮಿಣುಕತೊಡಗಿತು. ರಿಪೇರಿ ಅಂಗಡಿಯವನು ಸ್ಕ್ರೂ ಬಿಚ್ಚಲು ಒಪ್ಪಲಿಲ್ಲ. "ಮೊದಲು ತವರಿಗೆ ಹೋಗಿ ಬನ್ನಿ ಮೇಡಂ," ಎಂದ.

ನಾನು ಹೆದರಲಿಲ್ಲ. ಒಳ್ಳೆ ಮನೆ ನೋಡಿ ತಂದದ್ದು ಇಂಥ ದಿನಕ್ಕೇ ಅಲ್ಲವೇ? ತಾಯಿ ಮಗಳು ಇಬ್ಬರೂ ಹೋದೆವು. ಗಂಗಾಂಬಿಕಮ್ಮ ಸಂಭ್ರಮದಿಂದ ಒಳಗೆ ಕರೆದರು. ಬಸವಪ್ರಭು ಲೆಕ್ಕ ಬರೆಯುತ್ತಿದ್ದ ನಡುಮನೆಯ ಮೇಜನ್ನು ಒರೆಸಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರು. ಅರಿಸಿನ ಕುಂಕುಮ ಇಟ್ಟು, ಪರದೆ ಒರೆಸಲು ಒಂದು ಮೆತ್ತನೆಯ ಬಟ್ಟೆಯನ್ನು ಮಡಿಲಿಗೆ ಕೊಟ್ಟರು. ಉಪ್ಪಿಟ್ಟು ತಿಂದೆವು, ಬಿಸಿಲು ಇಳಿಯಿತು, ಬೀದಿ ದೀಪ ಹತ್ತಿತು. ಮೇದಿನಿ ಗುಂಡಿ ಒತ್ತಿದಳು. ದೀಪ ಮಿಣುಕಿತು, ಅಷ್ಟೇ. ಪರದೆ ಕಪ್ಪಾಗಿಯೇ ಉಳಿಯಿತು.

ಗಂಗಾಂಬಿಕಮ್ಮನ ಮುಖ ಚಿಕ್ಕದಾಯಿತು. ತವರಿಗೆ ಬಂದ ವಸ್ತು ಸಮಾಧಾನವಾಗದೆ ಹೋಗುವುದೆಂದರೆ ನಮ್ಮ ಊರಿನಲ್ಲಿ ಸಣ್ಣ ಅವಮಾನವಲ್ಲ. "ನಾನೇನು ಕಡಿಮೆ ಮಾಡಿದೆ ಅದಕ್ಕೆ?" ಎಂದರು. "ಈಚೆಗೆ ಎಲ್ಲ ಹೀಗೇ ಆಗ್ತಿದೆ. ನೀರಿನ ಅಂದಾಜೂ ತಪ್ತಿದೆ ನನಗೆ. ಮೊನ್ನೆ ಬರುತ್ತೆ ಅಂದೆ, ಬರಲಿಲ್ಲ. ಆ ಕಿಟಕಿಯವಳು ಏನಂದ್ಲು ಗೊತ್ತಾ? ವಯಸ್ಸಾಯ್ತು ಗಂಗಕ್ಕ ನಿಂಗೆ ಅಂದ್ಲು."

ನಾನು ಅವರನ್ನು ಸಮಾಧಾನ ಮಾಡುತ್ತಲೇ ಇನ್ನೊಂದನ್ನು ಗಮನಿಸುತ್ತಿದ್ದೆ. ಆ ಮನೆಯಲ್ಲಿ ಎಲ್ಲರೂ ಲ್ಯಾಪ್‌ಟಾಪನ್ನೇ ನೋಡುತ್ತಿದ್ದರು. ಮಂಡಿಯಿಂದ ಬಂದ ಬಸವಪ್ರಭು ಕೂಡ ಬಗ್ಗಿ ನೋಡಿ ಹೋದ. ಶಿವಲೀಲಾ ಒಬ್ಬಳು ಮಾತ್ರ ಅದರ ಕಡೆ ಕಣ್ಣೆತ್ತಲಿಲ್ಲ. ಲೋಟ ತೆಗೆದುಕೊಂಡು ಹೋಗಲು ಅವಳು ಮೇಜಿನ ಹತ್ತಿರ ಬಂದಾಗ, ಅಲ್ಲಿಯವರೆಗೆ ನಿಧಾನವಾಗಿ ಮಿಣುಕುತ್ತಿದ್ದ ದೀಪ ಓಡಿ ಬಂದವರ ಎದೆಯ ಹಾಗೆ ಬಡಿದುಕೊಂಡಿತು. ಅವಳು ಒಳಗೆ ಹೋದ ಮೇಲೆ ಮತ್ತೆ ನಿಧಾನವಾಯಿತು.

ದಾರಿಯಲ್ಲಿ ಮೇದಿನಿ, "ಮನೆ ನೋಡಿ ತಂದ್ರಲ್ಲ ಅಮ್ಮ," ಎಂದಳು. ಅವಳು ನನ್ನನ್ನು ಬಹುವಚನದಲ್ಲಿ ಮಾತಾಡಿಸುವುದು ಬಹಳ ಸಿಟ್ಟು ಬಂದಾಗ ಮಾತ್ರ. "ನಾಳಿದ್ದು ಪ್ರಾಜೆಕ್ಟ್ ತೋರಿಸ್ಬೇಕು. ಎಲ್ಲ ಅದರೊಳಗೇ ಇದೆ. ತೋರಿಸ್ದೇ ಇದ್ರೆ ಲ್ಯಾಬಲ್ಲಿ ಫೇಲ್." ಹೊಣೆ ಎಂಬ ಮಾತು ನನ್ನ ಬಾಯಿಂದಲೇ ಬಂದಿತ್ತು.

ಮಾರನೆಯ ದಿನ ಕಚೇರಿಯಲ್ಲಿ ಫೋನು ಎತ್ತಿದರೆ ಸುಣ್ಣದ ಗೂಡಿನ ಬೀದಿ. ಇಟ್ಟು ಮತ್ತೆ ಎತ್ತಿದರೆ ಮತ್ತೆ ಅದೇ ಬೀದಿ. "ಏನ್ರೀ, ಹಂಡೆ ಒಣಗಿ ನಿಂತಿದೆ, ನೀವು ಅಲ್ಲಿ ಫ್ಯಾನ್ ಕೆಳಗೆ ಕೂತಿದೀರಾ?" ದನಿಯ ಗುರುತು ಹತ್ತಿತು, ಕಿಟಕಿಯಿಂದ ಇಣುಕಿದವಳೇ. ಆ ಬೀದಿಯ ದೂರುಗಳು ಯಾವಾಗಿನಿಂದ ಮತ್ತೆ ಶುರುವಾದವೆಂದು ಯೋಚಿಸಿದೆ. ಲ್ಯಾಪ್‌ಟಾಪ್ ನಮ್ಮ ಮನೆಗೆ ಬಂದ ಮೇಲೆ. ಉತ್ತರ ಹೇಳುವ ಮುಂಚೆ ಗಂಗಾಂಬಿಕಮ್ಮ ಅಡುಗೆಮನೆಯ ಕಡೆ ನೋಡಿದ್ದು ನೆನಪಾಯಿತು. ನುಣ್ಣಗಾದ ಕೀಲಿ, ಸವೆದ ಬ್ಯಾಟರಿ, ಬಡಿದುಕೊಂಡ ದೀಪ. ಹಪ್ಪಳದ ತಟ್ಟೆ ತಾಗಿರಬೇಕು ಎಂದಿದ್ದೆ ನಾನು. ಅರ್ಧ ದಿನ ರಜೆ ಬರೆದುಕೊಟ್ಟು ಎದ್ದೆ. ಮೇದಿನಿಯನ್ನೂ ಲ್ಯಾಪ್‌ಟಾಪನ್ನೂ ಕರೆದುಕೊಂಡು ಮತ್ತೆ ಆ ಮನೆಗೆ ಹೋದೆ.

ಗಂಗಾಂಬಿಕಮ್ಮ ಮತ್ತೆ ಮೇಜು ಒರೆಸಿದರು, ಈ ಸಲ ಸಂಭ್ರಮವಿಲ್ಲದೆ. ನಾನು ಮಜ್ಜಿಗೆ ಬೇಕೆಂಬ ನೆಪದಲ್ಲಿ ಅಡುಗೆಮನೆಗೆ ಹೋದೆ. ಶಿವಲೀಲಾ ಸೊಪ್ಪು ಬಿಡಿಸುತ್ತಿದ್ದಳು.

"ಅದು ನಿನ್ನದಲ್ವೇನಮ್ಮ?" ಎಂದು ಮೆಲ್ಲಗೆ ಕೇಳಿದೆ.

ಅವಳ ಕೈ ನಿಂತಿತು. "ಅಕ್ಕ, ಹೇಳ್ಬೇಡಿ."

"ಯಾರಿಗೂ ಹೇಳಲ್ಲ. ಏನು ಮಾಡ್ತಿದ್ದೆ ಅದರಲ್ಲಿ?"

ಅವಳು ಬಾಗಿಲ ಕಡೆ ನೋಡಿ, ತಗ್ಗಿದ ದನಿಯಲ್ಲಿ ಹೇಳಿದಳು. ಕಂಪ್ಯೂಟರ್ ಡಿಪ್ಲೊಮಾ ಓದುತ್ತಿದ್ದಳಂತೆ. ನಡುವೆ ಮದುವೆಯಾಯಿತು. ಯಾರೂ ಬಿಡು ಎಂದಿರಲಿಲ್ಲ. ಓದು ಎಂದೂ ಯಾರೂ ಅಂದಿರಲಿಲ್ಲ. ಮಧ್ಯಾಹ್ನ ಅತ್ತೆ ಮಲಗಿದಾಗ ಹಿಂದಿನ ಉಗ್ರಾಣದಲ್ಲಿ ಒರಳುಕಲ್ಲಿನ ಮೇಲೆ ಕೂತು ಕೋಡ್ ಬರೆಯುತ್ತಿದ್ದಳು. ಅಲ್ಲಿ ಪ್ಲಗ್ ಇಲ್ಲ, ಹಾಗಾಗಿ ಬ್ಯಾಟರಿ ಮುಗಿಯುವವರೆಗೆ. "ನೀರು ಬಂದ ಹೊತ್ತೆಲ್ಲ ಅದಕ್ಕೆ ಹೇಳ್ತಾ ಬಂದೆ. ಯಾವ ಬೀದಿಗೆ ಆದ್ಮೇಲೆ ಯಾವ ಬೀದಿಗೆ, ಕರಿಬಸಣ್ಣನ ರಜೆ ಯಾವತ್ತು, ಕರೆಂಟು ಹೋದ್ರೆ ಎಷ್ಟು ತಡ. ಆಮೇಲೆ ಅದೇ ಹೇಳೋಕೆ ಶುರು ಮಾಡ್ತು. ನಾನು ಅತ್ತೆಗೆ, ನಾಳೆ ಬರಬಹುದೇನೋ ಅತ್ತೆ ಅಂತಿದ್ದೆ. ಅವರು ಬೀದಿಗೆ ಹೇಳ್ತಿದ್ರು."

ನಮ್ಮ ಕಚೇರಿಯವರು ಇಷ್ಟು ವರ್ಷ ಮಾಡಲಾಗದ್ದನ್ನು ಒರಳುಕಲ್ಲಿನ ಮೇಲೆ ಕೂತು ಮಾಡಿದ್ದಳು. "ಮಾರುವಾಗ ಬೇಡ ಅನ್ನಬಾರದಿತ್ತೇ?" ಎಂದೆ.

"ಯಾರೂ ಮುಟ್ಟಲ್ಲ ಅಂತ ಅತ್ತೆ ಚೆನ್ನಿಗಪ್ಪನಿಗೆ ಹೇಳುವಾಗ ನಾನು ಅಲ್ಲೇ ನಿಂತಿದ್ದೆ ಅಕ್ಕ. ನಾನು ಮುಟ್ತೀನಿ ಅಂದ್ರೆ, ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅಂತಾರೆ. ನೀರಿನ ವಿಷಯ ಗೊತ್ತಾದ್ರೆ ಅವರ ಮುಖ ಹೇಗಾಗುತ್ತೆ? ಬೀದಿಯಲ್ಲಿ ಅವರಿಗೆ ಅದೊಂದು ಹೆಸರು." ಎಲ್ಲವನ್ನೂ ಒಂದು ಪೆನ್ ಡ್ರೈವಿಗೆ ಹಾಕಿ ಮೆಂತ್ಯದ ಡಬ್ಬಿಯಲ್ಲಿ ಇಟ್ಟು, ಲ್ಯಾಪ್‌ಟಾಪನ್ನು ತಾನೇ ಖಾಲಿ ಮಾಡಿ ಕೊಟ್ಟಿದ್ದಳು.

ಲ್ಯಾಪ್‌ಟಾಪನ್ನು ಎತ್ತಿಕೊಂಡು ಉಗ್ರಾಣದ ಹತ್ತಿರ ಹೋದರೆ ಸಾಕು, ನನ್ನ ಮಗಳು ನಾಳೆ ಪಾಸಾಗುತ್ತಾಳೆ. ಎತ್ತಿಕೊಂಡು ಹೋದರೆ ಈ ಹುಡುಗಿಯ ಗುಟ್ಟು ನಡುಮನೆಗೆ ಬರುತ್ತದೆ, ಆ ಹೆಂಗಸಿನ ಹೆಸರು ಹೋಗುತ್ತದೆ. ಮಜ್ಜಿಗೆಯ ಲೋಟ ಹಿಡಿದು ಹೊರಗೆ ಬಂದೆ. ಮೇದಿನಿ ಗುಂಡಿ ಒತ್ತುತ್ತಲೇ ಇದ್ದಳು. ಅವಳ ಕಣ್ಣು ತುಂಬಿತ್ತು. ನನ್ನನ್ನು ಕಂಡು ಅದನ್ನು ಒರೆಸಿಕೊಂಡಳು.

"ಹೋಗೋಣ ಬಾ," ಎಂದೆ. "ಬೇರೆ ಏನಾದ್ರೂ ಮಾಡೋಣ. ಕಾಲೇಜಲ್ಲಿ ನಾನು ಬಂದು ಮಾತಾಡ್ತೀನಿ."

"ಏನಂತ ಮಾತಾಡ್ತೀಯಾ? ಮನೆ ಒಳ್ಳೇದು ಸಾರ್ ಅಂತಾನಾ?"

ಗಂಗಾಂಬಿಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದರು. ನಾನು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಲು ಎತ್ತಿದೆ. ಆಗ ಅದರ ದೀಪ ಬಡಿದುಕೊಳ್ಳತೊಡಗಿತು. ತಲೆಯೆತ್ತಿದರೆ ಶಿವಲೀಲಾ ಅಡುಗೆಮನೆಯ ಬಾಗಿಲಲ್ಲಿದ್ದಳು. ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದಳು. ಅವಳು ನೋಡುತ್ತಿದ್ದುದು ಲ್ಯಾಪ್‌ಟಾಪನ್ನಲ್ಲ, ಮೇದಿನಿಯನ್ನು.

"ಕೊಡಿ ಅಕ್ಕ," ಎಂದು ಬಂದು ನನ್ನ ಕೈಯಿಂದ ಅದನ್ನು ತೆಗೆದುಕೊಂಡಳು. ಯಾರ ಮುಖವನ್ನೂ ನೋಡದೆ ನಡುಮನೆ ದಾಟಿ, ಅಡುಗೆಮನೆ ದಾಟಿ ಉಗ್ರಾಣಕ್ಕೆ ಹೋದಳು. ನಾವು ಮೂವರೂ ಹಿಂದೆ ಹೋದೆವು. ಜೋಳದ ಮೂಟೆ, ಉಪ್ಪಿನಕಾಯಿ ಜಾಡಿಗಳ ನಡುವೆ ಒರಳುಕಲ್ಲು. ಅದರ ಮೇಲೆ ಕೂತು, ಲ್ಯಾಪ್‌ಟಾಪನ್ನು ತೊಡೆಯ ಮೇಲಿಟ್ಟುಕೊಂಡು ತೆರೆದಳು. ಗುಂಡಿಯನ್ನು ಅವಳು ಒತ್ತಲೇ ಇಲ್ಲ. ಪರದೆ ತಾನಾಗಿ ಬೆಳಗಿತು. ಆ ಕತ್ತಲೆ ಕೋಣೆಯಲ್ಲಿ ಅವಳ ಮುಖ ಮಾತ್ರ ಕಂಡಿತು. ಮೂಲೆಯಲ್ಲಿ ನಿಂತಿದ್ದ ಬಾಣ ಮೆಲ್ಲನೆ ನಡುವಿಗೆ ಬಂತು.

"ನನ್ನ ಪ್ರಾಜೆಕ್ಟ್ ಇದೆ!" ಎಂದು ಮೇದಿನಿ ಕೂಗಿದಳು. ಕೂಗಿದ ಮೇಲೆ ಬಾಗಿಲ ಕಡೆ ತಿರುಗಿ ನೋಡಿದಳು.

ಗಂಗಾಂಬಿಕಮ್ಮ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಇಲ್ಲಿ ಕೂತು ಏನು ಮಾಡ್ತಿದ್ದೆ?" ಎಂದರು.

"ನೀರು ಯಾವಾಗ ಬರುತ್ತೆ ಅಂತ ನೋಡ್ತಿದ್ದೆ ಅತ್ತೆ."

ಗಂಗಾಂಬಿಕಮ್ಮ ಸೊಸೆಯನ್ನು ನೋಡಿದರು, ಒರಳುಕಲ್ಲನ್ನು ನೋಡಿದರು, ಆಮೇಲೆ ಕೋಣೆಯ ನಾಲ್ಕು ಗೋಡೆಗಳನ್ನೂ ಒಂದೊಂದಾಗಿ ನೋಡಿದರು. ತಿರುಗಿ ಹೊರಟುಹೋದರು. ಶಿವಲೀಲಾ ತಲೆ ತಗ್ಗಿಸಿ ಸೆಮಿಕೋಲನ್ ಕೀಲಿಯ ಮೇಲೆ ಬೆರಳು ಇಟ್ಟುಕೊಂಡಿದ್ದಳು, ಒತ್ತದೆ.

ಅವರು ಅರಿಸಿನ ಕುಂಕುಮದ ಬಟ್ಟಲು ಹಿಡಿದು ವಾಪಸು ಬಂದರು. ಲ್ಯಾಪ್‌ಟಾಪಿನ ಅಂಚಿಗೆ ಇಟ್ಟರು. ಬಟ್ಟಲು ಇನ್ನೂ ಕೈಯಲ್ಲಿತ್ತು. ಸ್ವಲ್ಪ ತಡೆದು ಸೊಸೆಯ ಹಣೆಗೂ ಇಟ್ಟರು. "ಕಲ್ಲು ತಣ್ಣಗಿರುತ್ತೆ, ಶೀತ ಆಗುತ್ತೆ. ಮೇಲೊಂದು ಗೋಣಿ ಹಾಕ್ಕೋಬಾರದಿತ್ತಾ?" ಎಂದರು. ಆಮೇಲೆ ಬಾಗಿಲ ಹತ್ತಿರ ನಿಂತು, ನಮಗೆ ಬೆನ್ನು ಮಾಡಿಕೊಂಡೇ ಕೇಳಿದರು: "ನಾಳೆ ಬರುತ್ತಾ?"

ಶಿವಲೀಲಾ ಎದ್ದು ಮೆಂತ್ಯದ ಡಬ್ಬಿಗೆ ಕೈ ಹಾಕಿದಳು. ಪೆನ್ ಡ್ರೈವಿನಿಂದ ಎರಡು ಕಾಳು ಉದುರಿದವು. ಮೇದಿನಿ ಅವಳ ಪಕ್ಕದಲ್ಲಿ ಮೂಟೆಯ ಮೇಲೆ ಕೂತು ನೋಡಿದಳು, ನೋಡುತ್ತ ನೋಡುತ್ತ ಅವಳ ಬಾಯಿ ತೆರೆದುಕೊಂಡಿತು. "ಅಕ್ಕಾ, ಈ ಲೂಪ್ ಹೇಗೆ ಬರೆದ್ರಿ?" ಎಂದಳು.

ಮಾರನೆಯ ದಿನ ಮೇದಿನಿಯ ಪ್ರಾಜೆಕ್ಟು ಚೆನ್ನಾಗಿ ಆಯಿತು. ಸಾಯಂಕಾಲ ಬಂದವಳು ಚಪ್ಪಲಿ ಬಿಡುತ್ತಲೇ, "ಮನೆ ಪರವಾಗಿಲ್ಲ ಅಮ್ಮ," ಎಂದಳು, ಏಕವಚನದ ದನಿಯಲ್ಲಿ. ಸುಣ್ಣದ ಗೂಡಿನ ಬೀದಿಗೂ ಅಂದು ಮಧ್ಯಾಹ್ನ ನೀರು ಬಂತು. ಗಂಗಾಂಬಿಕಮ್ಮ ಹಿಂದಿನ ದಿನವೇ ಬೀದಿಗೆಲ್ಲ ಹೇಳಿದ್ದರಂತೆ. ತಮಗೆ ಹೊಳೆಯಿತೆಂದು ಹೇಳಿದರೋ, ಸೊಸೆ ಹೇಳಿದಳೆಂದು ಹೇಳಿದರೋ ನಾನು ಕೇಳಲಿಲ್ಲ. ಆ ಬೀದಿಯಿಂದ ನನಗೆ ಬೈಗುಳ ಬರುವುದು ನಿಂತಿತು.

ಮುಂದಿನ ಸಲ ಲ್ಯಾಪ್‌ಟಾಪನ್ನು ತವರಿಗೆ ಕರೆದುಕೊಂಡು ಹೋದಾಗ ಉಗ್ರಾಣದ ಗೋಡೆಯಲ್ಲಿ ಒಂದು ಹೊಸ ಪ್ಲಗ್ ಪಾಯಿಂಟ್ ಇತ್ತು. ಸುತ್ತಲಿನ ಸಿಮೆಂಟು ಇನ್ನೂ ಒಣಗಿರಲಿಲ್ಲ. ಪಕ್ಕದಲ್ಲಿ ಒಂದು ಕಬ್ಬಿಣದ ಮೇಜು, ಎರಡು ಸ್ಟೂಲು. "ಮಿಕ್ಸಿ ಇಡೋಣ ಅಂತ ಹಾಕಿಸ್ದೆ," ಎಂದರು ಗಂಗಾಂಬಿಕಮ್ಮ, ನಾನು ಏನೂ ಕೇಳದಿದ್ದರೂ. ಮಿಕ್ಸಿ ಅಡುಗೆಮನೆಯಲ್ಲೇ ಇತ್ತು. ಈಗಲೂ ಅಲ್ಲೇ ಇದೆ.

ಹೋದಾಗಲೆಲ್ಲ ನಾನೂ ಗಂಗಾಂಬಿಕಮ್ಮನೂ ನಡುಮನೆಯಲ್ಲಿ ಸೊಪ್ಪು ಬಿಡಿಸುತ್ತ ಕೂರುತ್ತೇವೆ. ನಾನು ಯಾವ ಕಚೇರಿಯವಳೆಂದು ಅವರಿಗೆ ಈಗ ಗೊತ್ತು. ಉಗ್ರಾಣದಿಂದ ಟಕಟಕ ಸದ್ದು, ನಡುನಡುವೆ ಇಬ್ಬರ ವಾದ, ಒಮ್ಮೊಮ್ಮೆ ನಗು ಬರುತ್ತದೆ. ಶಿವಲೀಲಾ ನಿಲ್ಲಿಸಿದ್ದ ಡಿಪ್ಲೊಮಾದ ಪರೀಕ್ಷೆ ಕಟ್ಟುವ ಮಾತು ನಡೆಯುತ್ತಿದೆ. ಗಂಗಾಂಬಿಕಮ್ಮ ಆ ಮಾತು ಬಂದಾಗಲೆಲ್ಲ, "ಅವಳ ಗಂಡನ್ನ ಕೇಳಿ," ಎನ್ನುತ್ತಾರೆ. ಬಸವಪ್ರಭು, "ಅವ್ವನ್ನ ಕೇಳಿ," ಎನ್ನುತ್ತಾನೆ. ಯಾರೂ ಬೇಡ ಎಂದಿಲ್ಲ. ಈ ಸಲ ಬೇಕು ಎಂದು ಶಿವಲೀಲಾ ಅಂದಿದ್ದಾಳೆ.

ಮೊನ್ನೆ ಕಚೇರಿಗೆ ಒಂದು ಫೋನು ಬಂತು. ಎತ್ತಿ ನನ್ನ ಎಂದಿನ ಮಾತು ಹೇಳಿದೆ: "ನೀರು ಸರಬರಾಜು, ಏನು ದೂರು?"

"ದೂರೇನಿಲ್ಲಮ್ಮ," ಎಂದಿತು ಗಟ್ಟಿ ದನಿ. ಗಂಗಾಂಬಿಕಮ್ಮ. ಗಂಟಲು ಸರಿಮಾಡಿಕೊಂಡರು. "ಅದೇ, ಆ ಲ್ಯಾಪ್‌ಟಾಪು. ಬಹಳ ದಿನ ಆಯ್ತಲ್ಲ. ಅದಕ್ಕೆ ತವರು ನೆನಪಾಗಿಲ್ವಾ ಇನ್ನೂ? ಇವಳು ಬೆಳಿಗ್ಗೆಯಿಂದ ಒಂದಕ್ಕೆ ಎರಡು ಸಲ ಉಪ್ಪು ಹಾಕ್ತಿದ್ದಾಳೆ."

ಲ್ಯಾಪ್‌ಟಾಪು ಆಗ ಮೇದಿನಿಯ ಜೊತೆ ಕಾಲೇಜಿನಲ್ಲಿತ್ತು. ಬೆಳಿಗ್ಗೆ ಅವಳು ಅದನ್ನು ಚೀಲಕ್ಕೆ ಹಾಕುವಾಗ ನಾನೇ ನೋಡಿದ್ದೆ. ಪರದೆ ಹಾಲಿನ ಹಾಗೆ ಬೆಳಗುತ್ತಿತ್ತು, ಬಾಣ ಹೇಳಿದ ಕಡೆ ಹೋಗುತ್ತಿತ್ತು.

"ಆಗಿ ಎರಡು ದಿನ ಆಯ್ತಮ್ಮ," ಎಂದೆ. "ಮುಖ ಕಪ್ಪು ಮಾಡ್ಕೊಂಡು ಕೂತಿದೆ. ಸಾಯಂಕಾಲ ಕರ್ಕೊಂಡು ಬರ್ತೀವಿ."